ಸ್ಟೇರಿಂಗ್ ಬಾಕ್ಸಿಗೆ ಹಲ್ಲಿನ ಡಾಕ್ಟರು

"ಹಲ್ಲು ಅಂದ್ಮೇಲೆ ಹಲ್ಲೇ ಕಣೇ! ಮನುಷ್ಯಂದಾದ್ರೇನು, ಕಾರಿಂದಾದ್ರೇನು?"

ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಹಲ್ಲಿನ ಡಾಕ್ಟರು ಹೀಗೆ ಘೋಷಿಸಿದಾಗ ಅವರ ಹೆಂಡತಿ "ಹೂಂ" ಎಂದರು, ಅಷ್ಟೇ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು; ಬೀದಿಗೆಲ್ಲ ಟೈಲರಮ್ಮ. ಆ ಹೊತ್ತಿಗೆ ಅವರ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಬಾಯಲ್ಲಿ ಸೂಜಿ ಇಟ್ಟುಕೊಂಡು ಗಂಡನ ಜೊತೆ ವಾದಕ್ಕಿಳಿಯುವಷ್ಟು ದಡ್ಡಿ ಆಕೆಯಲ್ಲ.

ಸಂಗತಿ ಇಷ್ಟೇ. ಶೆಡ್ಡಿನಲ್ಲಿ ನಿಂತಿದ್ದ ಕಪ್ಪು ಕಾರು ಡಾಕ್ಟರಿಗೆ ಮಾವನವರು ಕೊಟ್ಟದ್ದು. ಉಬ್ಬುಗೆನ್ನೆಯ, ಗುಂಡುಗಣ್ಣಿನ, ರಾಜಗಾಂಭೀರ್ಯದ ಹಳೇ ಕಾರು! ಮಗಳನ್ನು ಕಳಿಸಿಕೊಡುವಾಗ ಬಾರದ ಕಣ್ಣೀರು ಮಾವನವರಿಗೆ ಅದನ್ನು ಕಳಿಸಿಕೊಡುವಾಗ ಬಂದಿತ್ತು. ಈಗ ಅವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. "ಭಾನುವಾರ ಬರ್ತೀನಿ ಅಳಿಯಂದ್ರೇ. ಹೊಸ ಕಣ್ಣಲ್ಲಿ ಮೊದಲು ಕಾರು ನೋಡ್ಬೇಕು, ಆಮೇಲೆ ನಿಮ್ಮನ್ನ. ಅದೇನಾದ್ರೂ ಹಾಳಾಗಿತ್ತೋ, ದೊಡ್ಡ ಅಳಿಯನಿಗೆ ಕೊಟ್ಬಿಡ್ತೀನಿ!" ಎಂದು ಫೋನಿನಲ್ಲಿ ಗುಡುಗಿದ್ದರು.

ದೊಡ್ಡ ಅಳಿಯ! ಆ ಷಡ್ಡಕನ ಹೆಸರೆತ್ತಿದರೆ ಸಾಕು, ಡಾಕ್ಟರಿಗೆ ತಮ್ಮ ಹಲ್ಲೇ ಜುಮ್ಮೆನ್ನುತ್ತಿತ್ತು. ಆದರೆ ಕಾರಿನ ಸ್ಟೇರಿಂಗ್ ನಿಜಕ್ಕೂ ಸಡಿಲವಾಗಿತ್ತು. ತಿರುಗಿಸಿದರೆ ಕಾರು ಮೊದಲು ಯೋಚಿಸುತ್ತಿತ್ತು, ಆಮೇಲೆ ಒಪ್ಪುತ್ತಿತ್ತು. ಅಷ್ಟರಲ್ಲಿ ತಿರುವೇ ಹಿಂದೆ ಹೋಗಿರುತ್ತಿತ್ತು. ಕಾರಿನ ಡಾಕ್ಟರು ಎಂದೇ ಹೆಸರಾದ ಮೆಕ್ಯಾನಿಕ್ಕು ಮುಂದಿನ ತಿಂಗಳು ಬನ್ನಿ ಎಂದುಬಿಟ್ಟ. "ಸ್ಟೇರಿಂಗ್ ಬಾಕ್ಸ್ ಒಳಗೆ ಗೇರಿನ ಹಲ್ಲು ಸವೆದಿದೆ ಸಾರ್" ಎಂದು ಬಾಯಿ ತಪ್ಪಿ ಹೇಳಿದ್ದೇ ಅವನ ತಪ್ಪಾಯಿತು.

ಶನಿವಾರ ಬೆಳಿಗ್ಗೆಯೇ ಆಪರೇಷನ್ ಶುರು! ಸ್ಟೇರಿಂಗಿನ ಉದ್ದನೆಯ ಕಂಬ, ಅದರ ಬುಡದಲ್ಲಿ ಕುಂಬಳಕಾಯಿಯಂಥ ಬಾಕ್ಸು, ಎಲ್ಲವೂ ಊಟದ ಮೇಜಿನ ಮೇಲೆ ಅಂಗಾತ ಮಲಗಿದವು. ಡಾಕ್ಟರು ಬಿಳಿ ಕೋಟು ಹಾಕಿ, ಮಾಸ್ಕ್ ಏರಿಸಿ, ಬಾಯಿ ನೋಡುವ ಪುಟ್ಟ ಕನ್ನಡಿಯನ್ನು ಬಾಕ್ಸಿನೊಳಗೆ ತೂರಿಸಿದರು.

"ಅಯ್ಯಯ್ಯೋ, ಏನು ಪಾಚಿ! ಎಷ್ಟು ವರ್ಷ ಆಯ್ತು ಕ್ಲೀನ್ ಮಾಡಿಸಿ?"

"ಅದು ಉತ್ತರ ಕೊಡಲ್ಲ ರೀ," ಎಂದರು ಟೈಲರಮ್ಮ, "ಮೇಜಿನ ಬಟ್ಟೆ ಮೇಲೆ ಎಣ್ಣೆ ಮಾತ್ರ ಚೆನ್ನಾಗಿ ಕಾರ್ತಿದೆ. ಅಂದಹಾಗೆ, ಬಿಚ್ಚೋ ಮುಂಚೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗುರುತು ಹಾಕ್ಕೊಂಡ್ರಾ? ನಾನು ಅಂಗಿ ತೋಳಿಗೂ ಚಾಕಲ್ಲಿ ಗೀಟು ಎಳ್ಕೊಳ್ತೀನಪ್ಪ."

"ದವಡೆಗೆ ಗೀಟು ಎಳೆದು ಹಲ್ಲು ಕಿತ್ತ ಡಾಕ್ಟರನ್ನ ಎಲ್ಲಾದ್ರೂ ನೋಡಿದೀಯಾ? ಕೈ ತಾನೇ ನೆನಪಿಟ್ಕೊಳ್ಳುತ್ತೆ!"

ಹಾಗೆಂದು ಆ ಕೈ ಒಂದು ಮುಚ್ಚಳ ತಿರುಗಿಸಿತು. ಟಣ್ ಟಣ್ ಟಣ್! ಒಳಗಿದ್ದ ಉಕ್ಕಿನ ಗೋಲಿಗಳು ಜೈಲಿನ ಬಾಗಿಲು ತೆರೆದಂತೆ ಹೊರಗೆ ಹಾರಿ, ಮೇಜಿನಿಂದ ನೆಲಕ್ಕೆ ಜಿಗಿದು, ಸಿಕ್ಕ ಸಿಕ್ಕ ಮೂಲೆಗೆ ಓಡಿದವು. ಗಂಡ ಫ್ರಿಜ್ಜಿನ ಕೆಳಗೆ, ಹೆಂಡತಿ ಹೊಲಿಗೆ ಮೆಷಿನ್ನಿನ ಕೆಳಗೆ ಅಂಬೆಗಾಲಿಕ್ಕಿದರು. ಅದೇ ಸಮಯಕ್ಕೆ ಫೋನು! ಡಾಕ್ಟರು ಮೊಣಕೈಯಿಂದ ಸ್ಪೀಕರ್ ಒತ್ತಿದರು.

"ಡಾಕ್ಟ್ರೇ, ಹಲ್ಲುನೋವು ಜಾಸ್ತಿ ಆಗಿದೆ, ಸೋಮವಾರ ಹಲ್ಲು ಕಟ್ಟಿಸ್ಕೊಳ್ಳೋಕೆ ಬರ್ಬೇಕಿತ್ತು. ತುಂಬಾ ನೋವಾಗುತ್ತಾ?" ಎಂದಿತು ಒಂದು ಅಂಜುಬುರುಕ ದನಿ.

ಆ ಕ್ಷಣಕ್ಕೇ ಟೈಲರಮ್ಮ ಕೂಗಿದರು: "ರೀ, ಎಲ್ಲಾ ಸಿಕ್ಕಿದ್ವು, ಒಂದು ಮಾತ್ರ ಇಲ್ಲ!"

ಡಾಕ್ಟರು ಫ್ರಿಜ್ಜಿನ ಕೆಳಗಿಂದಲೇ ಗರ್ಜಿಸಿದರು: "ಇಲ್ಲದಿದ್ರೆ ಹೋಗ್ಲಿ ಬಿಡು! ಸೀಮೆಎಣ್ಣೇಲಿ ತೊಳೆದು, ಗ್ರೀಸು ಬಳಿದು, ಸುತ್ತಿಗೇಲಿ ನಾಲ್ಕು ಬಡಿದ್ರೆ ತಾನಾಗೇ ಕೂತ್ಕೊಳ್ಳುತ್ತೆ!"

ಫೋನು ಕಟ್ಟಾಯಿತು. ಆ ರೋಗಿಯ ಹಲ್ಲುನೋವು ಅಂದೇ ಪೂರ್ತಿ ವಾಸಿಯಾಯಿತಂತೆ!

ಕಡೆಯ ಗೋಲಿ ಡಾಕ್ಟರ ಚಪ್ಪಲಿಯಲ್ಲೇ ಸಿಕ್ಕಿತು. ಸವೆದ ಗೇರಿನ ಜಾಗಕ್ಕೆ ಅಂಗಡಿಯಿಂದ ತಂದಿಟ್ಟಿದ್ದ ಹೊಸದು, ಹೊಸ ಬುಷ್, ಹೊಸ ಎಣ್ಣೆ ಎಲ್ಲ ತುಂಬಿ, ಸಂಜೆಯ ಹೊತ್ತಿಗೆ ಬಾಕ್ಸನ್ನು ಕಾರಿಗೆ ಬಿಗಿದರು. ಸೀಟಿನಲ್ಲಿ ಕೂತು ಸ್ಟೇರಿಂಗ್ ಅಲ್ಲಾಡಿಸಿದರು. ಕೂದಲೆಳೆಯಷ್ಟೂ ಸಡಿಲವಿಲ್ಲ! ಮುಂದಿನ ಚಕ್ರ ಯಾವ ಕಡೆಗೆ ಹೊರಳಿತು ಎಂದು ಇಳಿದು ನೋಡುವ ಚಿಲ್ಲರೆ ಕೆಲಸ ಅಷ್ಟು ದೊಡ್ಡ ಸರ್ಜನ್ನರಿಗೆ ಹೊಳೆಯಲಿಲ್ಲ.

ಭಾನುವಾರ ಮಾವನವರು ಕಪ್ಪು ಕನ್ನಡಕ ಧರಿಸಿ ಬಂದರು. ಕಾರಿನ ಬೆನ್ನು ಸವರಿದರು. "ಪರವಾಗಿಲ್ಲ, ಮಿರಿಮಿರಿ ಮಿಂಚ್ತಿದೆ. ನಡೀರಿ, ಒಂದು ಸುತ್ತು ಹೋಗಿಬರೋಣ."

ಮುಂದೆ ಡಾಕ್ಟರು, ಪಕ್ಕದಲ್ಲಿ ಮಾವ, ಹಿಂದೆ ಟೈಲರಮ್ಮ. "ನೋಡಿ ಮಾವ, ಇನ್ನು ಕಿರುಬೆರಳಲ್ಲಿ ಹೇಳಿದ್ರೆ ಸಾಕು, ಕೇಳುತ್ತೆ!" ಎಂದು ಡಾಕ್ಟರು ಗೇಟು ದಾಟಿ ಎಡಕ್ಕೆ ತಿರುಗಿಸಿದರು. ಕಾರು ಠೀವಿಯಿಂದ ಬಲಕ್ಕೆ ಹೊರಟಿತು!

"ಅಳಿಯಂದ್ರೇ, ಎಡಕ್ಕೆ!"

"ಎಡಕ್ಕೇ ತಿರುಗಿಸಿದೀನಿ ಮಾವ!"

"ಮತ್ತೆ ಬಲಕ್ಕ್ಯಾಕೆ ಹೋಗ್ತಿದೆ?"

"ಅದನ್ನೇ ಕೇಳಿ!"

ಗಾಬರಿಯಲ್ಲಿ ಡಾಕ್ಟರು ಇನ್ನಷ್ಟು ಎಡಕ್ಕೆ ತಿರುಗಿಸಿದರು. ಕಾರು ಇನ್ನಷ್ಟು ಬಲಕ್ಕೆ ನುಗ್ಗಿತು. ಪಕ್ಕದ ಮನೆಯ ಬೇಲಿ ಮುರಿಯಿತು. ಒಣಹಾಕಿದ್ದ ಹೊದಿಕೆ ಗಾಜಿನ ಮೇಲೆ ಬಿದ್ದು ಒಳಗೆಲ್ಲ ಕತ್ತಲಾಯಿತು. ಆ ಮನೆಯ ಬ್ಯಾಂಡ್ ಮೇಷ್ಟರು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಹೊರಗೋಡಿ ಬಂದರು.

"ಡಾಕ್ಟ್ರೇ, ಹಲ್ಲುಜ್ಜುತ್ತಿದೀನಲ್ರೀ! ಅದಕ್ಕೆ ಮನೆವರೆಗೂ ಬಂದು ಚೆಕ್ ಮಾಡ್ಬೇಕಾ?"

ಮೇಷ್ಟರು ಹೊದಿಕೆ ಎಳೆದುಕೊಂಡ ಮೇಲೆ ಡಾಕ್ಟರು ಕಾರನ್ನು ಹಿಂದಕ್ಕೆ ತೆಗೆದರು. ಅದೂ ಉಲ್ಟಾ! ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಆ ಕಡೆ ಬ್ರೆಡ್ಡಿನ ವ್ಯಾನು, ಈ ಕಡೆ ಸೈಕಲ್ಲುಗಳ ಸಾಲು, ನಡುವೆ ಹಾರ್ನುಗಳ ಸಂಗೀತ ಕಛೇರಿ. ಆಗ ಅವರಿಗೆ ಸತ್ಯ ಹೊಳೆಯಿತು. ಗೇರಿನ ಹಲ್ಲುಗಳನ್ನು ಕೆಳಗಿನಿಂದ ಕೂರಿಸುವ ಬದಲು ಮೇಲಿನಿಂದ ಕೂರಿಸಿದ್ದರು. ಕೆಳದವಡೆಯ ಹಲ್ಲನ್ನು ಮೇಲ್ದವಡೆಗೆ ಕಟ್ಟಿಬಿಟ್ಟಿದ್ದರು!

ಬೆವರು ಧಾರಾಕಾರ. ಮಾವನವರು ಕಪ್ಪು ಕನ್ನಡಕ ತೆಗೆದರು. ದೊಡ್ಡ ಅಳಿಯ ಆ ಕಾರಿನಲ್ಲಿ ಕೂತು ನಗುತ್ತಿರುವ ಚಿತ್ರ ಡಾಕ್ಟರ ಕಣ್ಣ ಮುಂದೆ ಬಂದೇ ಬಂತು.

"ಇಳೀರಿ," ಎಂದರು ಹಿಂದಿನಿಂದ ಟೈಲರಮ್ಮ.

"ಏನೇ ನೀನು, ನನ್ನ ಕೈಲೇ ಆಗಿಲ್ಲ..."

"ಇಳೀರಿ ಅಂದೆ."

ಆಕೆ ಸೀರೆಯ ಸೆರಗು ಸಿಕ್ಕಿಸಿ ಕೂತರು. ಸ್ಟೇರಿಂಗನ್ನು ತಿರುಗಿಸಬೇಕಾದ ಕಡೆಗಲ್ಲದೆ ಅದರ ಎದುರು ಕಡೆಗೆ ನಿಧಾನವಾಗಿ, ನಿರಾತಂಕವಾಗಿ ತಿರುಗಿಸಿದರು. ಕಾರು ಬಾಲ ಮುದುರಿದ ಬೆಕ್ಕಿನಂತೆ ಹಿಂದೆ ಸರಿದು, ಗೇಟಿನ ಎರಡು ಕಂಬಗಳ ನಡುವೆ ನುಸುಳಿ, ಶೆಡ್ಡಿನೊಳಗೆ ನೆಟ್ಟಗೆ ನಿಂತಿತು. ಬ್ರೆಡ್ಡಿನ ವ್ಯಾನಿನವನು ಚಪ್ಪಾಳೆ ತಟ್ಟಿದ. ಬ್ಯಾಂಡ್ ಮೇಷ್ಟರು ಬ್ರಷ್ಷಿನಿಂದಲೇ ಸೆಲ್ಯೂಟ್ ಹೊಡೆದರು.

ಮಾವನವರು ಕೀಲಿಕೈ ಕಿತ್ತುಕೊಂಡರು. ಡಾಕ್ಟರು ಕಣ್ಣು ಮುಚ್ಚಿದರು. ತೆರೆದಾಗ ಅದು ಟೈಲರಮ್ಮನ ಕೈಯಲ್ಲಿತ್ತು.

"ಕಾರು ಇಲ್ಲೇ ಇರ್ಲಿ. ಆದ್ರೆ ಇವತ್ತಿಂದ ಇದು ನನ್ನ ಮಗಳದ್ದು," ಎಂದರು ಮಾವ.

ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಡಾಕ್ಟರು ಹೆಂಡತಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು: "ಎಲ್ಲಾ ಉಲ್ಟಾ ಇರೋ ಗಾಡಿನ ಅಷ್ಟು ಸಲೀಸಾಗಿ ಹೇಗೆ ನಡೆಸಿದೆಯೇ? ಎಲ್ಲಿ ಕಲಿತೆ?"

ಟೈಲರಮ್ಮ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕಲಿಯೋದೇನು ಬಂತು? ಎಡಕ್ಕೆ ಅಂದ್ರೆ ಬಲಕ್ಕೆ ಹೋಗೋ ಗಂಡನ್ನ ಇಷ್ಟು ವರ್ಷ ನಡೆಸ್ಕೊಂಡು ಬಂದಿಲ್ವೇನ್ರೀ? ಪಾಪ, ಇದು ಹಾರ್ನ್ ಬಿಟ್ರೆ ಬೇರೆ ಮಾತೂ ಆಡಲ್ಲ!"