ಸದ್ದಿಲ್ಲದ ಸ್ಕೂಟರೂ ಒಂಟಿ ದಾಳಿಂಬೆಯೂ

"ಇವತ್ತಿನಿಂದ ಈ ಮನೆಗೆ ಪೆಟ್ರೋಲಿನ ಹಂಗಿಲ್ಲ!" ಎಂದು ಘೋಷಿಸಿ ನಾನು ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಕೀಲಿಯನ್ನು ಹೆಂಡತಿಯ ಮುಖದ ಮುಂದೆ ಕುಣಿಸಿದೆ. ಅಂಗಡಿಯಲ್ಲಿದ್ದ ಸ್ಕೂಟರುಗಳಲ್ಲೆಲ್ಲ ಅತಿ ಅಗ್ಗದ್ದು ಅದು. ಆದರೆ ನನ್ನ ಕಣ್ಣಿಗೆ ಸಾಕ್ಷಾತ್ ಮಹಾರಥ! ಹೊಗೆಯಿಲ್ಲ, ವಾಸನೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದರ ಮೌನದ ಬಗ್ಗೆ ನಾನು ಗಂಟಲು ಹರಿಯುವಂತೆ ಉಪನ್ಯಾಸ ಕೊಡುತ್ತಿದ್ದೆ.

ದಿನಾ ಸಂಜೆ ಅದರ ಬ್ಯಾಟರಿಯನ್ನು ಕಳಚಿ ಮೂರನೇ ಮಹಡಿಗೆ ಹೊತ್ತು ತಂದು ಸೋಫಾದ ಪಕ್ಕದಲ್ಲಿ ಚಾರ್ಜಿಗೆ ಹಾಕುವುದು ನನ್ನ ನಿತ್ಯವ್ರತವಾಯಿತು.

"ಮಗಳು ಹುಟ್ಟಿದಾಗ ಎತ್ಕೊಳ್ಳೀ ಅಂದ್ರೆ ಸೊಂಟನೋವು ಅಂತಿದ್ರಿ. ಇದನ್ನ ನೋಡಿದ್ರೆ ಎದೆಗೆ ಅವಚಿಕೊಂಡು ಬರ್ತೀರಲ್ಲ!" ಎಂದಳು ನನ್ನಾಕೆ.

"ಮಗಳಿಗೆ ಹಿಡಿ ಇರಲಿಲ್ಲ, ಇದಕ್ಕಿದೆ," ಎಂದೆ.

ಬರಬರುತ್ತಾ ನನಗೆ ಚಾರ್ಜಿನ ಜಿಪುಣತನ ಅಂಟಿಕೊಂಡಿತು. ಹಿಂದೆ ಕೂರುವವರ ತೂಕ ಹೆಚ್ಚಾದರೆ ಚಾರ್ಜು ಬೇಗ ಇಳಿಯುತ್ತದೆಂದು ಹೆಂಡತಿಯ ಕೈಚೀಲವನ್ನೇ ತಪಾಸಣೆ ಮಾಡತೊಡಗಿದೆ.

"ನೀರಿನ ಬಾಟ್ಲಿ ಯಾಕೆ ಭಾರ? ಇಲ್ಲೇ ಕುಡಿದುಬಿಡು!"

"ಕುಡಿದ್ರೆ ಆ ನೀರು ಮನೇಲೇ ಉಳಿಯುತ್ತೇನ್ರೀ? ಹೊಟ್ಟೇಲಿ ಕೂತು ಬರಲ್ವಾ?"

ಮೇಲ್ಸೇತುವೆ ಬಂದರಂತೂ ಅವಳು ಇಳಿದು ನಡೆಯಲೇಬೇಕು. ನಾನು ಪಕ್ಕದಲ್ಲಿ ಗಾಡಿಯ ಮೇಲೆ ಕುಳಿತು ಧೈರ್ಯ ಹೇಳುತ್ತಾ ಬರುತ್ತಿದ್ದೆ. ಸೇತುವೆಯ ತುದಿಯನ್ನು ಹೆಚ್ಚಾಗಿ ಅವಳೇ ಮೊದಲು ಮುಟ್ಟುತ್ತಿದ್ದಳು. ಪಾಪ, ಅವಳು ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡಿದ್ದಳು. ಈಗ ಅದನ್ನು ನೆನೆದರೆ ಕರುಳು ಚುರುಕ್ ಅನ್ನುತ್ತದೆ.

ಅವಳಿಗೂ ಒಂದು ಹುಚ್ಚು ಇತ್ತು ಅನ್ನಿ. ನಮ್ಮ ಬಾಲ್ಕನಿಯ ತಟ್ಟೆಯಂಥ ಕುಂಡದಲ್ಲಿ ಮೊಣಕಾಲೆತ್ತರದ ಒಂದು ದಾಳಿಂಬೆ ಗಿಡ. ಬೋನ್ಸಾಯ್! ಮಗಳು ಅಂಬೆಗಾಲಿಡುತ್ತಿದ್ದ ಕಾಲದಿಂದ ಅವಳು ಅದರ ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ಮಗುವಿನಂತೆ ಸಾಕಿದ್ದಳು. ಮಗಳೀಗ ಕಾಲೇಜಿಗೆ ಹೋಗುತ್ತಾಳೆ, ಗಿಡ ಮಾತ್ರ ಅಷ್ಟೇ ಇದೆ. ವರ್ಷವರ್ಷವೂ ಹೂ ಬಿಟ್ಟು ಉದುರಿಸುತ್ತಿತ್ತು. ಈ ವರ್ಷ ಮೊಟ್ಟಮೊದಲ ಬಾರಿಗೆ ಒಂದೇ ಒಂದು ಹಣ್ಣು, ನಿಂಬೆಹಣ್ಣಿನ ಗಾತ್ರದ್ದು, ಕೆಂಪಗೆ ತೂಗಾಡುತ್ತಾ ನಿಂತಿತು.

ನಗರದ ಫಲಪುಷ್ಪ ಪ್ರದರ್ಶನಕ್ಕೆ ಇಷ್ಟು ವರ್ಷ ಅವಳು ಟಿಕೆಟ್ ಕೊಂಡು ಹೋಗಿ, ಬೇರೆಯವರ ಗಿಡಗಳನ್ನು ಹಗ್ಗದಾಚೆ ನಿಂತು ನೋಡಿ ಬರುತ್ತಿದ್ದಳು. ಈ ಬಾರಿ ಅಲ್ಲಿನ ಸ್ಪರ್ಧೆಯ ಹಣ್ಣು ಬಿಟ್ಟ ಬೋನ್ಸಾಯ್ ವಿಭಾಗದಲ್ಲಿ ಅವಳದೇ ಗಿಡ, ಹಗ್ಗದ ಒಳಗೆ! ಹಿಂದಿನ ದಿನವೆಲ್ಲ ಅವಳಿಗೆ ಊಟ ಸೇರಲಿಲ್ಲ.

"ನಾಳೆ ಟ್ಯಾಕ್ಸಿ ಕರೆಸ್ತೀನ್ರೀ," ಎಂದಳು.

ನನಗೆ ಅವಮಾನವಾಯಿತು. ಮನೆಯ ಕೆಳಗೆ ಮಹಾರಥ ನಿಂತಿರುವಾಗ ಟ್ಯಾಕ್ಸಿಯೇ? "ಟ್ಯಾಕ್ಸಿ ಗಡಗಡ ಅಂತ ನಡುಗುತ್ತೆ ಕಣೇ. ನನ್ನ ಸ್ಕೂಟರಲ್ಲಿ ಹೋದ್ರೆ ನಿನ್ನ ಹಣ್ಣಿಗೆ ನಿದ್ದೆ ಕೂಡ ಕೆಡಲ್ಲ!" ಎಂದು ಪಟ್ಟು ಹಿಡಿದು ಕುಳಿತೆ. ಅವಳು ಸೋತಳು.

ಕುಂಡವನ್ನು ನನ್ನ ಕಾಲುಗಳ ನಡುವೆ ಇಟ್ಟುಕೊಂಡು ಹೊರಟೆವು. ಹಿಂದೆ ಕೂತವಳಿಗೆ ನನ್ನ ಬೆನ್ನು ಬಿಟ್ಟು ಬೇರೇನೂ ಕಾಣದು. ತಿರುವಿಗೊಮ್ಮೆ, ಉಬ್ಬಿಗೊಮ್ಮೆ ಅದೇ ಪ್ರಶ್ನೆ.

"ಹಣ್ಣು ಇದೆಯೇನ್ರೀ?"

"ಇದೆ ಕಣೇ!"

"ಸರಿಯಾಗಿ ನೋಡಿ ಹೇಳಿ."

"ಹಣ್ಣು ನೋಡ್ಲಾ, ರಸ್ತೆ ನೋಡ್ಲಾ?"

"ಹಣ್ಣು ನೋಡಿ!"

ಮೇಲ್ಸೇತುವೆಯ ಹತ್ತಿರ ಗಾಡಿಯ ಫಲಕದಲ್ಲಿ ಆಮೆಯ ಚಿತ್ರ ಹೊತ್ತಿಕೊಂಡಿತು. ಚಾರ್ಜು ಇಳಿದಿದೆ, ಇನ್ನು ಮೆಲ್ಲಗೆ ಮಾತ್ರ ಹೋಗುತ್ತೇನೆ ಎಂಬ ಎಚ್ಚರಿಕೆ ಅದು. ಅವಳು ಹೊಸ ಸೀರೆಯಲ್ಲಿ ಇಳಿದು ಸೇತುವೆ ಹತ್ತಿದಳು. ಒಬ್ಬ ಅಜ್ಜ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋಗುತ್ತಾ ಕನಿಕರದಿಂದ ನೋಡಿದರು. ಹೇಗೋ ಏನೋ, ಪ್ರದರ್ಶನದ ಗೇಟು ಮುಟ್ಟಿದಾಗ ಹೊತ್ತೂ ಮೀರಿರಲಿಲ್ಲ, ಹಣ್ಣೂ ಉದುರಿರಲಿಲ್ಲ!

ಗೇಟಿನ ಕಾವಲುಗಾರ 'ಜೊತೆಗೆ ಬಂದವರು' ಎಂದು ಬರೆದ ಚೀಟಿಯನ್ನು ನನ್ನ ಎದೆಗೆ ಗುಂಡುಸೂಜಿಯಿಂದ ಸಿಕ್ಕಿಸಿದ. ಹೆಂಡತಿ ಗಿಡದ ನಂಬರು ತರಲು ಒಳಗೆ ಓಡಿದಳು. "ನಾನು ಬರೋವರೆಗೂ ಏನೂ ಮುಟ್ಟಬೇಡಿ!" ಎಂದು ತಿರುಗಿ ನೋಡಿ ಹೇಳಿಯೇ ಹೋದಳು.

ನಾನು ಮುಟ್ಟುತ್ತಲೂ ಇರಲಿಲ್ಲ. ಕಾವಲುಗಾರನೇ, "ಸಾರ್, ದಾರಿಗೆ ಅಡ್ಡ ಇದೆ, ಗಾಡಿ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ," ಎಂದ. ಕುಂಡವನ್ನು ಗಾಡಿಯಲ್ಲೇ ಬಿಟ್ಟು ನಾನು ಇಳಿದೆ. ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ಎಳೆದೆ. ಪೆಟ್ರೋಲ್ ಗಾಡಿಯಾಗಿದ್ದರೆ ಗುಡುಗುಡು ಎನ್ನುತ್ತಾ 'ನಾನಿನ್ನೂ ಎದ್ದಿದ್ದೇನೆ ಸ್ವಾಮೀ' ಎಂದು ನೆನಪಿಸುತ್ತಿತ್ತು. ಇದೋ, ಸದ್ದಿಲ್ಲದ ಸುಸಂಸ್ಕೃತ ಪ್ರಾಣಿ! ಕೀಲಿ ತಿರುಗಿಸಿ ಆರಿಸುವುದನ್ನೇ ಮರೆತಿದ್ದೆ. ನಾನು ಹಿಡಿದೆಳೆದದ್ದು ಆಕ್ಸಿಲರೇಟರನ್ನು!

ಇಬ್ಬರನ್ನು ಹೊತ್ತು ಸೇತುವೆ ಹತ್ತಲಾರೆ ಎಂದು ಆಮೆ ತೋರಿಸಿದ ಗಾಡಿ, ಹೊರೆ ಇಳಿದದ್ದೇ ತಡ, ಗೇಟಿನೊಳಗಿನ ಏರುದಾರಿಯನ್ನು ಹತ್ತತೊಡಗಿತು. ಬೀಳಬಾರದೆಂದು ನಾನು ಬಿಗಿಯಾಗಿ ಹಿಡಿದೆ. ಬಿಗಿ ಹಿಡಿದಷ್ಟೂ ಆಕ್ಸಿಲರೇಟರ್ ತಿರುಗಿತು. ತಿರುಗಿದಷ್ಟೂ ಗಾಡಿ ಓಡಿತು. "ನಿಲ್ಲು! ನಿಲ್ಲೋ!" ಎಂದು ಕೂಗುತ್ತಾ ನಾನು ಅದರ ಪಕ್ಕದಲ್ಲಿ ಕುಪ್ಪಳಿಸಿದೆ. ಕೊನೆಗೆ ತೋಟದ ಕೆಲಸಕ್ಕೆಂದು ಸುರಿದಿದ್ದ ಮಣ್ಣಿನ ರಾಶಿಗೆ ಮೂತಿ ಹೂತು ಅದು ನಿಂತಿತು.

ಕುಂಡ ನೋಡಿದೆ, ಒಡೆದಿಲ್ಲ. ಗಿಡ ನೋಡಿದೆ, ವಾಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಟ್ಟೆ.

"ಸಾರ್, ಇದು ನಿಮ್ದಾ?" ಎಂದ ಕಾವಲುಗಾರ. ಅವನ ಅಂಗೈಯಲ್ಲಿ ಹಣ್ಣಿತ್ತು.

ಆಗಲೇ ಒಳಗೆ ಓಡಿಹೋಗಿ ನಿಜ ಹೇಳಿಬಿಟ್ಟಿದ್ದರೆ! ಆದರೆ ನನ್ನ ಬುದ್ಧಿ ಮಣ್ಣು ತಿಂದಿತ್ತು. ಎದೆಯ ಮೇಲಿನ ಚೀಟಿ ಕಿತ್ತು, ಗುಂಡುಸೂಜಿಯನ್ನು ಹಣ್ಣಿನ ತೊಟ್ಟಿನ ಮೂಲಕ ಕೊಂಬೆಗೆ ಚುಚ್ಚಿದೆ. ಹಣ್ಣು ತೂಗಿತು. ನನ್ನ ಕೈಚಳಕಕ್ಕೆ ನಾನೇ ತಲೆದೂಗಿದೆ.

ಅಷ್ಟರಲ್ಲಿ ಅವಳು ಬಂದಳು. ಹಣ್ಣನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಬ್ಬಾ, ಇದೆ! ಎಷ್ಟು ಜೋಪಾನವಾಗಿ ತಂದ್ರಿ! ನಾನೇ ಸುಮ್ನೆ ಅನುಮಾನಪಟ್ಟೆ," ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ಹೊಗಳಿದ್ದು ನೆನಪಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಆ ತಪ್ಪಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ತೀರ್ಪುಗಾರ್ತಿ ವಯಸ್ಸಾದ ಹೆಂಗಸು. ಕನ್ನಡಕ ಏರಿಸಿ ಬೇರು ನೋಡಿದರು, ಕಾಂಡ ನೋಡಿದರು. "ಎಷ್ಟು ವರ್ಷದ ಶ್ರಮ ಅಮ್ಮಾ ಇದು!" ಎಂದರು. ನನ್ನಾಕೆಯ ಕಣ್ಣು ತುಂಬಿತು. ಅವರು ಬೆರಳ ತುದಿಯಿಂದ ಹಣ್ಣನ್ನು ಮೆಲ್ಲಗೆ ಎತ್ತಿದರು. ಅದು ಸೂಜಿಯ ಸಮೇತ ಅವರ ಕೈಗೆ ಬಂತು.

"ಇದೇನಮ್ಮಾ ಇದು? ಸ್ಪರ್ಧೇಲಿ ಇಂಥ ಮೋಸಾನಾ?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಅವಳ ಮುಖದಿಂದ ಬಣ್ಣವೇ ಇಳಿದುಹೋಯಿತು.

"ಅವಳಲ್ಲ! ನಾನು! ನಾನೇ ಚುಚ್ಚಿದ್ದು! ಸ್ಕೂಟರು, ಆಕ್ಸಿಲರೇಟರು, ಮಣ್ಣು..." ಎಂದು ನಾನು ತೊದಲುತ್ತಾ ಎಲ್ಲವನ್ನೂ ಕಕ್ಕಿದೆ.

ತೀರ್ಪುಗಾರ್ತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಹಣ್ಣು ಉದುರಿತು ಅಂತ ಹೇಳಿದ್ರೆ ಹಣ್ಣಿಲ್ಲದ ಗಿಡಗಳ ವಿಭಾಗಕ್ಕೆ ಹಾಕ್ತಿದ್ದೆ. ಅಲ್ಲಿ ಈ ಕಾಂಡದ ಮುಂದೆ ಒಂದು ಗಿಡಾನೂ ನಿಲ್ತಿರಲಿಲ್ಲ. ಮೊದಲ ಬಹುಮಾನ ಇದಕ್ಕೇ. ಈಗ ನಿಯಮದ ಪ್ರಕಾರ ಹೊರಗೆ ಹಾಕದೆ ನನಗೆ ಬೇರೆ ದಾರಿ ಇಲ್ಲ," ಎಂದು ಹೇಳಿ ಮುಂದಿನ ಮೇಜಿಗೆ ನಡೆದರು.

ಹೆಂಡತಿ ಕುಂಡವನ್ನು ತಾನೇ ಎತ್ತಿಕೊಂಡು ಟ್ಯಾಕ್ಸಿ ಹತ್ತಿದಳು. ನಾನು ಆಮೆಯ ಕೃಪೆಯಿಂದ ತೆವಳುತ್ತಾ ಮನೆ ಸೇರಿದಾಗ ಅವಳು ಬಾಲ್ಕನಿಯಲ್ಲಿ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಬೈದರೆ ಬೈಸಿಕೊಳ್ಳೋಣವೆಂದು ಬಾಗಿಲ ಬಳಿ ತಲೆ ತಗ್ಗಿಸಿ ನಿಂತೆ. ಅವಳ ದನಿ ಕೇಳಿಸಿತು. ಎಂಥ ಮೃದುವಾದ ದನಿ!

"ಆಗಿದ್ದು ಆಗೋಯ್ತು. ಅದಕ್ಯಾಕೆ ಇಷ್ಟು ಬೇಜಾರು? ತಪ್ಪು ಯಾರ ಕೈಲಿ ಆಗಲ್ಲ? ಎಲ್ಲ ಸರಿಹೋಗುತ್ತೆ."

ನನ್ನ ಕಣ್ಣಲ್ಲಿ ಗಂಗಾಭವಾನಿ! ಇಂಥ ದೇವತೆಯನ್ನು ಸೇತುವೆ ಹತ್ತಿಸಿದೆನಲ್ಲಾ ಎಂದು ಗದ್ಗದಿತನಾಗಿ, "ಹಾಗಾದ್ರೆ ನನ್ನನ್ನ ಕ್ಷಮಿಸಿದೆಯೇನೇ?" ಎಂದೆ.

ಅವಳು ತಿರುಗಿ ನೋಡಿದಳು.

"ನೀವ್ಯಾವಾಗ ಬಂದ್ರಿ? ನಾನು ಗಿಡಕ್ಕೆ ಸಮಾಧಾನ ಹೇಳ್ತಾ ಇದೀನಿ."