ತಹಸೀಲ್ ಕಚೇರಿಯ ಇಂಗ್ಲಿಷು

ಲೋಕಕ್ಕೆಲ್ಲ ಇಂಗ್ಲಿಷ್ ಒಂದೇ ಎಂಬ ದತ್ತಪ್ಪನ ನಂಬಿಕೆ ಇಪ್ಪತ್ತೆರಡು ವರ್ಷದ ಗುಮಾಸ್ತಗಿರಿಯಲ್ಲಿ ಒಮ್ಮೆಯೂ ಅಲುಗಿರಲಿಲ್ಲ. ಆಸ್ಟ್ರೇಲಿಯಾದ ಟಾಮ್ ಜೇವರ್ಗಿಯಲ್ಲಿ ಬಸ್ಸಿಳಿಯುವವರೆಗೆ.

ಟಾಮ್ ಕುರಿ ಸಾಕುವವನು. ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಅಬ್ದುಲ್ ಗನಿಯ ಹದಿನೆಂಟು ವರ್ಷದ ಪತ್ರಮಿತ್ರ. ವರ್ಷಕ್ಕೊಂದು ಪೆಟ್ಟಿಗೆ ಪುಸ್ತಕ ಶಾಲೆಗೆ ಕಳಿಸುತ್ತಿದ್ದ. ಈಗ ಗನಿ ತೀರಿಕೊಂಡ ಸುದ್ದಿ ತಿಳಿದು ಬಂದಿದ್ದ. ದತ್ತಪ್ಪನಿಗೆ ಗನಿ ಜೀವದ ಗೆಳೆಯ. ನಲವತ್ತು ದಿನವಾದರೂ ಸಂಜೆಯಾದರೆ ಕಾಲುಗಳು ತಾವಾಗಿಯೇ ಆ ಓಣಿಗೆ ತಿರುಗುತ್ತಿದ್ದವು.

ಗನಿಯ ಹೆಂಡತಿ ಸರ್ವರಬೇಗಂ ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಪಾಲಿಸುವ ಇದ್ದತ್ತಿನಲ್ಲಿದ್ದಳು. ಪರಪುರುಷರ ಮುಂದೆ ಬರುವಂತಿಲ್ಲ. ಪರದೆಯ ಹಿಂದಿನಿಂದಲೇ ದತ್ತಪ್ಪನಿಗೆ ಹೇಳಿದ್ದಳು: "ಭಾಯಿಜಾನ್, ಆ ಪುಸ್ತಕ ಓದಿ ಎಷ್ಟ್ ಮಕ್ಕಳು ಪಾಸಾದ್ರು! ಅವ್ರಿಗಿ ನನ್ನ ಶುಕ್ರಿಯಾ ಮುಟ್ಟಸ್ರಿ. ಇದೊಂದಽ ಮನಸಿನಾಗ ಉಳದದ."

"ಅದೇನ್ ದೊಡ್ಡ ಮಾತು?" ಎಂದು ದತ್ತಪ್ಪ ಮನೆಯಲ್ಲಿ ಮೀಸೆ ತಿರುವಿದ. "ಇಂಗ್ಲಿಷಂದ್ರ ಜ್ವಾಳದ ರೊಟ್ಟಿ ಇದ್ದಂಗ ಬೇ. ಎಲ್ಲಾ ಕಡಿ ಒಂದಽ."

"ರೊಟ್ಟಿನರ ಎಲ್ಲಿ ಒಂದದ?" ಹೆಂಡತಿ ಅಂಬುಬಾಯಿ ಕೇಳಿದಳು. "ನಮ್ಮ ಆಳಂದದ್ದು ದಪ್ಪ, ನಿಮ್ಮವ್ವಂದು ಹಪ್ಪಳ. ನಮ್ಮಪ್ಪ ಅದನ್ನ ನೋಡಿ ರೊಟ್ಟಿ ಯಾವಾಗ ಬರ್ತದ ಅಂದಿದ್ದ."

ಗನಿಯ ಪಡಸಾಲೆಯಲ್ಲಿ ಟಾಮ್‌ನ ಎದುರು ದತ್ತಪ್ಪ ಎದ್ದು ನಿಂತು, ತನಗೆ ಗೊತ್ತಿದ್ದ ಏಕೈಕ ಇಂಗ್ಲಿಷಿನಲ್ಲಿ, ಸದರಿ ಗನಿಯವರ ಪತ್ನಿಯ ಕೃತಜ್ಞತೆಯನ್ನು ದಯಾಪರರಾದ ತಾವು ಮಂಜೂರು ಮಾಡಬೇಕೆಂದು ಬಿನ್ನವಿಸಿದ. ಟಾಮ್ ಕಣ್ಣು ಪಿಳುಕಿಸಿದ. ಆಮೇಲೆ ತುಟಿ ಬಿಚ್ಚದೆ (ಅವರ ಕಡೆ ನೊಣ ಬಹಳವಂತೆ) ಮೂಗಿನಲ್ಲೇ ಏನೋ ಉದ್ದಕ್ಕೆ ಹೇಳಿದ. ದತ್ತಪ್ಪ ರೇಡಿಯೋದಲ್ಲಿ ಕೇಳಿದ ಲಂಡನ್ನಿನ ಇಂಗ್ಲಿಷಿಗೂ ಇದಕ್ಕೂ ಬೀಗತನವೂ ಇರಲಿಲ್ಲ.

"ಏನಂತ್ರಿ?" ಪರದೆಯ ಹಿಂದೆ ಸರ್ವರಬೇಗಂಳ ಜೊತೆ ಕುಳಿತಿದ್ದ ಅಂಬುಬಾಯಿ ಕೇಳಿದಳು.

"ಹವಾ ಛಲೋ ಅದ ಅಂತ."

"ಇಷ್ಟುದ್ದ ಹವಾ?"

ಬೆವತ ದತ್ತಪ್ಪ ಕೊನೆಗೆ ಫುಲ್‌ಸ್ಕೇಪ್ ಕಾಗದದ ಎಡಗಡೆ ಮಡಿಕೆ ಹಾಕಿ, ವಿಷಯ, ಉಲ್ಲೇಖ ಎಲ್ಲ ನಮೂದಿಸಿ, 'ಯೋಗ್ಯ ಆದೇಶಕ್ಕಾಗಿ' ಎಂದು ಮುಗಿಸಿ, ಇಂಗ್ಲಿಷಿನಲ್ಲಿ ಅರ್ಜಿಯನ್ನೇ ಬರೆದು ಸಲ್ಲಿಸಿದ.

ಟಾಮ್ ಓದಿದ. ಕಣ್ಣೊರೆಸಿಕೊಂಡ. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಬಹಳ ಹೊತ್ತು ಬರೆದು ಕಾಗದ ಹಿಂತಿರುಗಿಸಿದ. ಬರೆದ ಇಂಗ್ಲಿಷ್ ಮಾತ್ರ ನೀರಿನಷ್ಟು ತಿಳಿ. ದತ್ತಪ್ಪ ಒಂದೊಂದೇ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದ:

"ಶುಕ್ರಿಯಾ ನಾನಽ ಹೇಳಬೇಕು, ಅಮ್ಮಾ. ಹತ್ತು ವರ್ಷದಾಂವ ಇದ್ದಾಗ ಸಾಲಿ ಬಿಟ್ಟಾಂವ ನಾ. ನನಗ ಇಂಗ್ಲಿಷ್ ಬರಿಲಿಕ್ಕಿ ಕಲಿಸಿದವ್ರು ನಿಮ್ಮ ಮಾಸ್ತರ. ಪ್ರತಿ ಪತ್ರಾನೂ ಕೆಂಪು ಪೆನ್ಸಿಲ್ಲಿಲೆ ತಿದ್ದಿ, ಮಾರ್ಕ್ಸ್ ಹಾಕಿ ಹೊಳ್ಳಿ ಕಳಸ್ತಿದ್ರು. ಪುಸ್ತಕ ನಾ ಕೊಟ್ಟ ಗುರುದಕ್ಷಿಣಾ. ಅವ್ರು ಕಲಿಸಿದಂಗಽ ಈ ಅರ್ಜಿನೂ ತಿದ್ದೀನಿ. ಹತ್ತಕ್ಕ ನಾಲ್ಕು..."

ಆ ನಾಲ್ಕು ಮಾರ್ಕ್ಸು ತನಗೇ ಬಿದ್ದದ್ದೆಂದು ಓದಿದ ಮೇಲೆಯೇ ದತ್ತಪ್ಪನಿಗೆ ಅರ್ಥವಾದದ್ದು.

ಪರದೆಯ ಹಿಂದೆ ಮೊದಲು ಅಂಬುಬಾಯಿ ಕಿಸಕ್ಕೆಂದಳು. ಆಮೇಲೆ, ನಲವತ್ತು ದಿನದಲ್ಲಿ ಮೊದಲ ಬಾರಿಗೆ, ಸರ್ವರಬೇಗಂ ನಕ್ಕಳು.

"ನಮ್ಮ ಮಾಸ್ತರ ಇದ್ದಿದ್ರ ಎರಡಽ ಕೊಡ್ತಿದ್ರು, ಭಾಯಿಜಾನ್."

ದತ್ತಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಹೌದ್ರಿ ಭಾಬಿ," ಎಂದ. "ಎರಡಽ."