ಮೊಹರಾದ ಬಚ್ಚಲೊಲೆ

ಹೊಗೆ ಮೇಲಕ್ಕೆ ಹೋಗುತ್ತದೆ ಎಂಬ ಸಂಗತಿಯನ್ನು ೧೯೫೧ನೆಯ ಇಸವಿಯ ಹೊತ್ತಿಗೆ ಮದರಾಸಿನವರೂ ಮೈಸೂರಿನವರೂ ಒಪ್ಪಿಕೊಂಡಿದ್ದರು. ಎಲ್ಲಿಯವರೆಗೆ ಹೋದರೆ ಅದು ಯಾರ ಹೊಗೆ ಎಂಬುದಷ್ಟೇ ತೀರ್ಮಾನವಾಗದೆ ಉಳಿದಿತ್ತು. ಅದಕ್ಕೆ ಕಾಲ ಕೂಡಿ ಬಂದದ್ದು ನಮ್ಮೂರಿನ ಪುಟ್ಟಬಸಪ್ಪನವರ ಬಚ್ಚಲುಮನೆಯಲ್ಲಿ.

ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಎರಡರ ನಡುವೆ ನಮ್ಮ ಕಲ್ಲಹುಂಡಿ. ಗಡಿ ಎಂಬುದು ಊರಿನ ಮಧ್ಯೆ ಹಾದು, ಬಾವಿಕಟ್ಟೆ ಬಳಸಿ, ಪುಟ್ಟಬಸಪ್ಪನವರ ಬಚ್ಚಲ ಗೋಡೆಯ ಮೇಲೆ ಹೋಗುತ್ತಿತ್ತು. ಹಂಡೆ ಕೂರಿಸಿದ ಒಲೆ ಗೋಡೆಯ ಈಚೆ, ಕೊಳ್ಳೇಗಾಲ ತಾಲ್ಲೂಕು. ಅದರ ಹೊಗೆಗೂಡು ಗೋಡೆಯೊಳಗೆ ಹೊಕ್ಕು, ತೊಲೆ ಅಡ್ಡ ಬಂದದ್ದರಿಂದ ಸೊಟ್ಟಗೆ ತಿರುಗಿ, ಆಚೆ ಯಳಂದೂರು ತಾಲ್ಲೂಕಿನಲ್ಲಿ ಬಾಯಿ ಬಿಡುತ್ತಿತ್ತು. ಕಟ್ಟಿದ ಗಾರೆಯವನಿಗೆ ತಾನು ಎರಡು ಸರ್ಕಾರಗಳನ್ನು ಜೋಡಿಸುತ್ತಿದ್ದೇನೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕೂಲಿ ಜಾಸ್ತಿ ಕೇಳುತ್ತಿದ್ದ.

ಮದರಾಸಿನ ಕಡೆ, ಹನೂರಿನ ಆಚೆ ಒಂದು ಹಳೇ ಬಂಗಲೆಯಿತ್ತು. ಯಾರೋ ದೊರೆ ತನ್ನ ಸೀಮೆಯ ಚಳಿಯನ್ನು ನೆನೆದು ಅದರ ಹಜಾರದಲ್ಲಿ ಬೆಂಕಿ ಕಾಯಿಸುವ ಗೂಡು ಕಟ್ಟಿಸಿದ್ದ. ಹನೂರಿನ ಬಿಸಿಲಿಗೆ ಅದರಲ್ಲಿ ಒಂದು ದಿನವೂ ಬೆಂಕಿ ಹಾಕಿರಲಿಲ್ಲ. ಆದರೂ ಗೂಡು ಇದ್ದ ಮೇಲೆ ಅದನ್ನು ಗುಡಿಸಲು ಜನ ಬೇಕು, ಜನ ಇದ್ದ ಮೇಲೆ ಅವರಿಗೊಬ್ಬ ಅಧಿಕಾರಿ ಬೇಕು. ಹೀಗೆ ಹುಟ್ಟಿದ್ದು ಹೊಗೆಗೂಡು ನಿರ್ಮಲೀಕರಣ ಇಲಾಖೆ. ಆಚೆಯವರಿಗೆ ಇಲಾಖೆ ಇದ್ದು ತಮಗೆ ಇಲ್ಲದಿದ್ದರೆ ಮಾನ ಹೋಗುತ್ತದೆಂದು ಯಳಂದೂರಿನಲ್ಲೂ ಒಂದು ತೆರೆದರು. ಎರಡೂ ಕಡೆ ಒಂದೇ ಪ್ರಕಟಣೆ ಡಂಗುರ ಹೊಡೆಸಿದರು:

“ಮನೆಯ ಯಜಮಾನರು ತಮ್ಮ ಹೊಗೆಗೂಡಿನ ವಿಷಯದಲ್ಲಿ ಸ್ವಂತ ಬುದ್ಧಿಯನ್ನಾಗಲಿ, ಸ್ವಂತ ಹಗ್ಗವನ್ನಾಗಲಿ ಉಪಯೋಗಿಸತಕ್ಕದ್ದಲ್ಲ. ಇಲ್ಲಣ, ಅಂದರೆ ಹೊಗೆಮಸಿ, ತೆಗೆಯುವುದು ವೃತ್ತಿಪರರ ಕೆಲಸವಾಗಿರುತ್ತದೆ. ಹೊಗೆಗೂಡು ಇಲ್ಲದವರು ಸದ್ಯಕ್ಕೆ ಹೆದರಬೇಕಾಗಿಲ್ಲ.”

ಊರಿನಲ್ಲಿ ಹೊಗೆಗೂಡು ಇದ್ದದ್ದು ಪುಟ್ಟಬಸಪ್ಪನವರಿಗೊಬ್ಬರಿಗೇ. ಉಳಿದವರ ಮನೆಯ ಹೊಗೆ ಹೆಂಚಿನ ಸಂದಿಯಲ್ಲಿ ತನ್ನ ದಾರಿ ತಾನೇ ನೋಡಿಕೊಳ್ಳುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಗೂಡು ಮಸಿ ಹಿಡಿದು ಕಟ್ಟಿಕೊಂಡಿತು. ಒಲೆ ಹಚ್ಚಿದರೆ ಹೊಗೆಯೆಲ್ಲ ಹಿಂದಕ್ಕೆ. ಅವರ ಮಗಳು ಸುವರ್ಣಮ್ಮ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೂ ಕೂಸಿಗೂ ಹೊತ್ತು ಹೊತ್ತಿಗೆ ಹಂಡೆ ತುಂಬ ಬಿಸಿನೀರು ಬೇಕು. ಪುಟ್ಟಬಸಪ್ಪನವರ ಹೆಂಡತಿ ಗುರುಬಸಮ್ಮ ಹೇಳಿದರು:

“ಒಂದ್ ಕಾರೆಮುಳ್ಳಿನ ಕಟ್ಟ ಅಗ್ಗಕ್ಕೆ ಬಿಗ್ದು ಮೇಲಿಂದ ಎಳುದ್ರೆ ಓಯ್ತದೆ ಕಣ್ರೀ. ಮಾವ ಇದ್ದಾಗ ವರ್ಸಾ ವರ್ಸಾ ನೀರು ತುಂಬೋ ಅಬ್ಬಕ್ಕೆ ಅಂಗೇ ಮಾಡ್ತಿರ್ನಿಲ್ವಾ?”

“ನಮ್ಮಪ್ಪಂಗೆ ಓದು ಬರ್ತಿರ್ನಿಲ್ಲ,” ಎಂದರು ಪುಟ್ಟಬಸಪ್ಪ. “ನಂಗ್ ಬತ್ತದೆ.”

ಇದೇ ಅವರ ಕಷ್ಟ. ಊರಿನಲ್ಲಿ ಅರ್ಜಿ ಬರೆಯಬಲ್ಲವರು ಅವರೊಬ್ಬರೇ, ಮೊಹರು ಬಿದ್ದ ಕಾಗದ ಕಂಡರೆ ಕಣ್ಣಿಗೊತ್ತಿಕೊಳ್ಳುವವರೂ ಅವರೊಬ್ಬರೇ. ಒಂದಲ್ಲ, ಮೂರು ಪ್ರತಿ ಬರೆದು ಹನೂರಿಗೆ ಕಳಿಸಿದರು.

ಹನ್ನೆರಡನೆಯ ದಿನ ಹನೂರಿನ ಬಸ್ಸಿನಿಂದ ಮುತ್ತಯ್ಯನೆಂಬ ಇನ್ಸ್‌ಪೆಕ್ಟರು ಉದ್ದನೆಯ ಬ್ರಶ್ಶಿನೊಂದಿಗೆ ಇಳಿದ. ಮೊದಲು ಊಟ ಮಾಡಿದ. ಆಮೇಲೆ ಒಲೆಯೊಳಗೆ ತಲೆ ಹಾಕಿ, “ಅಯ್ಯೋ ಕಡವುಳೇ, ಪೂರಾ ಅಡೈಪ್ಪು, ಎಲ್ಲಾ ಕಟ್ಕೊಂಡದೆ” ಎಂದು, ಗೂಡು ಶುದ್ಧವಾಗುವ ತನಕ ಒಲೆ ಹಚ್ಚತಕ್ಕದ್ದಲ್ಲ ಎಂಬ ನಿಯಮದಂತೆ ಒಲೆಯ ಬಾಯಿಗೆ ಹಲಗೆ ಅಡ್ಡವಿಟ್ಟು ಅರಗಿನ ಮೊಹರು ಒತ್ತುವುದಾಗಿ ಹೇಳಿದ. ಅದಕ್ಕೂ ಮುಂಚೆ ಬ್ರಶ್ಶನ್ನು ಮೇಲಕ್ಕೆ ತೂರಿಸಿದ. ನಾಲ್ಕು ಅಡಿ ಹೋಗುವಷ್ಟರಲ್ಲಿ ಕೈ ನಿಲ್ಲಿಸಿದ.

“ಯಾಕ್ ಸಾ, ಸಿಕ್ಕಾಕಂತಾ?” ಎಂದರು ಪುಟ್ಟಬಸಪ್ಪ.

“ಇಲ್ಲೆ ಯಜಮಾನ್ರೇ. ಇಲ್ಲಿಂದ ಮೇಲೆ ಮೈಸೂರು. ನನ್ ಕೈ ಬೇಕಾದ್ರೆ ಓಗ್ಲಿ, ಬ್ರಶ್ಶು ಸರ್ಕಾರದ್ದು. ಅಪ್ಪಣೆ ಇಲ್ದೆ ಗಡಿ ದಾಟಂಗಿಲ್ಲ.”

ಹಲಗೆ ಇಟ್ಟು ಮೊಹರು ಒತ್ತಿ, ಅದೇ ಗೂಡಿಗೆ ಹೊಗೆ ಬಿಡುವ ಅಡುಗೆ ಒಲೆಗೂ ಇನ್ನೊಂದು ಒತ್ತಿ, ತುಪ್ಪದ ಗಿಂಡಿ ತಕ್ಕೊಂಡು ಹೊರಟುಹೋದ.

ಪುಟ್ಟಬಸಪ್ಪ ಯಳಂದೂರಿಗೂ ಮೂರು ಪ್ರತಿ ಬರೆದರು. ಅಲ್ಲಿಂದ ಷಡಕ್ಷರಿ ಎಂಬ ಇನ್ಸ್‌ಪೆಕ್ಟರು ಬಂದ. ಈತ ಒಲೆಯ ಕಡೆ ತಿರುಗಿಯೂ ನೋಡಲಿಲ್ಲ, ಅದು ಪರಸ್ಥಳ. ಏಣಿ ಹಾಕಿಸಿ ಮಾಡಿಗೆ ಹತ್ತಿ, ಗೂಡಿನ ಬಾಯಲ್ಲಿ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟ. ತೊಲೆಯ ಹತ್ತಿರ ಬಂದು, ಅಲ್ಲಿಂದ ಕೆಳಗೆ ಮದರಾಸಾದ್ದರಿಂದ, ಅವನ ಹಗ್ಗವೂ ನಿಂತಿತು. ಮುತ್ತಯ್ಯನ ಬ್ರಶ್ಶು ನಿಂತ ಜಾಗಕ್ಕೂ ಷಡಕ್ಷರಿಯ ಹಗ್ಗ ನಿಂತ ಜಾಗಕ್ಕೂ ನಡುವೆ ಒಂದು ಗೇಣು. ಇಲ್ಲಣ ಕಟ್ಟಿಕೊಂಡಿದ್ದು ಆ ಗೇಣಿನಲ್ಲೇ.

ಕಾರ್ತೀಕ ಮಾಸದಲ್ಲಿ ಇಬ್ಬರೂ ಒಂದೇ ದಿನ ಬಂದು ಜಂಟಿ ತನಿಖೆ ನಡೆಸಿದರು. ಜಗಲಿಯ ಮೇಲೆ ಒಬ್ಬಟ್ಟಿನ ಎಲೆಯ ಮುಂದೆ ಕೂತು ಮಾತಾಡಿದರು. ಒಬ್ಬಟ್ಟು ಬೆಂದಿದ್ದು ಪಕ್ಕದ ನಮ್ಮ ಮನೆಯಲ್ಲಿ.

“ಹೊಗೆ ಹುಟ್ಟಿದ್ದು ನಿಮ್ಮಲ್ಲಿ. ಮಸಿ ನಿಮ್ದೇ,” ಎಂದ ಷಡಕ್ಷರಿ.

“ಹುಟ್ಟಿದ್ದು ನಮ್ಮಲ್ಲಿ, ಬೆಳೆದದ್ದು ನಿಮ್ಮ ಗಾಳೀಲಿ. ನೀವೇ ಸಾಕಿದೀರಿ,” ಎಂದ ಮುತ್ತಯ್ಯ.

“ಅಂಗಾದ್ರೆ ಗೂಡಿನ ಒಳಗೆ ಸರ್ವೆ ಆಗ್ಲಿ.”

“ಆಗ್ಲಿ. ಸರ್ವೆ ಸರಪಣಿ ಒಳಗೆ ಇಳೀಬೇಕಾದ್ರೆ ಗೂಡು ಕ್ಲೀನಾಗಿರ್ಬೇಕು.”

“ಕ್ಲೀನ್ ಮಾಡ್ಬೇಕಾದ್ರೆ ಸರ್ವೆ ಆಗಿರ್ಬೇಕು.”

ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲದ ಕಾರಣ ತನಿಖೆ ಸೌಹಾರ್ದದಿಂದ ಮುಗಿಯಿತು. ಪುಟ್ಟಬಸಪ್ಪ ಕೈಮುಗಿದು, “ಸಾ, ಮಗ್ಳು ದಿನ ತುಂಬ್ಕಂಡವ್ಳೆ. ಬಿಸ್ನೀರಿಗೆ ಏನ್ ಮಾಡಣ?” ಎಂದರು. ಮುತ್ತಯ್ಯ ನಿಯಮದ ಪುಸ್ತಕ ತಿರುವಿ ನೋಡಿ, ಹೊಗೆಗೂಡೇ ಇಲ್ಲದ ಹೊಗೆಯ ಮೇಲೆ ಇಲಾಖೆಗೆ ಅಧಿಕಾರವಿಲ್ಲವೆಂದೂ, ಅಂಗಳದಲ್ಲಿ ಮೂರು ಕಲ್ಲು ಹೂಡಿಕೊಂಡರೆ ಸರ್ಕಾರ ಏನೂ ಅಂದುಕೊಳ್ಳುವುದಿಲ್ಲವೆಂದೂ ತಿಳಿಸಿದ. ಇದನ್ನು ಉಪಕಾರವೆಂದು ಭಾವಿಸಿ ಪುಟ್ಟಬಸಪ್ಪ ಇನ್ನೆರಡು ಒಬ್ಬಟ್ಟು ಹಾಕಿಸಿದರು.

ಮಾರ್ಗಶಿರದ ಕೊರೆಯುವ ಚಳಿಯಲ್ಲಿ ಸುವರ್ಣಮ್ಮನಿಗೆ ಹೆಣ್ಣುಮಗು ಹುಟ್ಟಿತು. ಗುರುಬಸಮ್ಮ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ನೀರು ಕಾಯಿಸಿ, ತೆಂಗಿನಗರಿಯ ತಡಿಕೆ ಮರೆಮಾಡಿ ಬಾಣಂತಿಗೆ ಎರೆದರು. ಕೊಡದಿಂದ ಮೈಗೆ ಬೀಳುವಷ್ಟರಲ್ಲಿ ನೀರು ತಣ್ಣಗಾಗುತ್ತಿತ್ತು. ಒಂದು ವಾರಕ್ಕೆ ತಾಯಿಗೆ ಶೀತಜ್ವರ, ಕೂಸಿನ ಎದೆಯಲ್ಲಿ ಗೊರಗೊರ. ಆ ಕೂಸಿನ ಕೆಮ್ಮು ನಮ್ಮ ಮನೆಗೂ ಕೇಳುತ್ತಿತ್ತು. ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಹೊಟ್ಟೆಯುರಿಗೆ ಯಾವ ಇಲಾಖೆಯೂ ಇಲ್ಲದ್ದರಿಂದ ಸುಮ್ಮನಿದ್ದೆ.

ಒಂದು ದಿನ ಬೆಳಿಗ್ಗೆ ಪುಟ್ಟಬಸಪ್ಪನವರಿಗೂ ತಡೆಯಲಾಗಲಿಲ್ಲ. “ಸರ್ಕಾರದ ಮನೆ ಹಾಳಾಗ್ಲಿ” ಎಂದು ಅವರ ಬಾಯಿಂದ ಬಂದದ್ದನ್ನು ನಾನೇ ಕೇಳಿದ್ದೇನೆ. ಕಾರೆಮುಳ್ಳು ಕಡಿದು ತಂದು, ಹಗ್ಗಕ್ಕೆ ಬಿಗಿದು, ಮಾಡು ಹತ್ತಿದರು. ಗುರುಬಸಮ್ಮ ಕೆಳಗೆ ನಿಂತು, “ಬುಡಿ, ಬುಡಿ, ಒಳೀಕ್ ಬುಡಿ!” ಎನ್ನುತ್ತಿದ್ದರು. ಅಷ್ಟರಲ್ಲಿ ಎರಡು ದಿಕ್ಕಿನಿಂದ ಎರಡು ಜಟಕಾ ಬಂದು ನಿಂತವು. ಮುತ್ತಯ್ಯನೂ ಷಡಕ್ಷರಿಯೂ ಕೈಯಲ್ಲಿ ಸೇವಂತಿಗೆ ಹಾರ ಹಿಡಿದು ಇಳಿದರು.

“ಯಜಮಾನ್ರೇ, ಕೆಳಗಿಳೀರಿ. ಬಹುಮಾನ ಬಂದದೆ!”

ಎರಡೂ ಇಲಾಖೆಗಳು ಸೇರಿ ಆ ಸಾಲಿನ ಅತ್ಯಂತ ಶುದ್ಧ ಹೊಗೆಗೂಡನ್ನು ಆರಿಸಿದ್ದವು. ತನಿಖೆಯ ಪ್ರಕಾರ ನಾಲ್ಕು ತಿಂಗಳಿಂದ ಒಂದು ಎಳೆ ಹೊಗೆಯನ್ನೂ ಬಿಡದ ಗೂಡು ಎರಡೂ ಸೀಮೆಯಲ್ಲಿ ಇದೊಂದೇ. ಹನೂರಿನ ಬಂಗಲೆಯ ಗೂಡಿಗೆ ಎರಡನೆಯ ಸ್ಥಾನ, ಅದರಲ್ಲಿ ಯಾರೋ ಒಮ್ಮೆ ಬೀಡಿ ಸೇದಿದ್ದರಂತೆ.

ಪುಟ್ಟಬಸಪ್ಪ ಮಾಡಿನ ಮೇಲೆ ಮುಳ್ಳಿನ ಕಟ್ಟು ಹಿಡಿದು ನಿಂತಿದ್ದರು. ಷಡಕ್ಷರಿ ಕಾಗದ ಬಿಚ್ಚಿ ಎತ್ತಿ ತೋರಿಸಿದ. ಎರಡು ಮೊಹರು, ಒಂದು ಕೆಂಪು, ಒಂದು ನೀಲಿ. ಅವರು ಮುಳ್ಳಿನ ಕಟ್ಟನ್ನು ಮೆಲ್ಲಗೆ ಹಿತ್ತಲ ಕಡೆ ಜಾರಿಸಿ ಇಳಿದು ಬಂದು ಹಾರಕ್ಕೆ ಕೊರಳೊಡ್ಡಿದರು. ಒಲೆ ಹಚ್ಚಿದರೆ ಬಹುಮಾನ ರದ್ದಾಗುತ್ತದೆ ಎಂಬ ಷರತ್ತನ್ನು ತಾವೇ ಗಟ್ಟಿಯಾಗಿ ಓದಿ ಹೇಳಿದರು. ಊರವರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಳಗೆ ಕೂಸು ಕೆಮ್ಮುತ್ತಿತ್ತು. ಗುರುಬಸಮ್ಮ ಯಾರ ಮುಖವನ್ನೂ ನೋಡದೆ ಹೋಗಿ ಮೂರು ಕಲ್ಲಿನ ಮುಂದೆ ಕೂತು ಊದತೊಡಗಿದರು.

ಸಂಕ್ರಾಂತಿ ಕಳೆಯುವುದರೊಳಗೆ ಹನ್ನೊಂದು ಮನೆಯವರು ಸಾಲ ಸೋಲ ಮಾಡಿ ಹೊಗೆಗೂಡು ಕಟ್ಟಿಸಿ, ಒಲೆಗೆ ಮೊಹರು ಒತ್ತಿಸಿಕೊಂಡರು. ಸಂಜೆಯಾದರೆ ಎಲ್ಲರ ಅಂಗಳದಲ್ಲೂ ಮೂರು ಮೂರು ಕಲ್ಲು. ಎದುರಿಗೆ ಬಂದವರ ಗುರುತು ಹತ್ತದಷ್ಟು ಹೊಗೆ. ಕಲ್ಲಹುಂಡಿಯಲ್ಲಿ ಯಾವ ಹೊಗೆಗೂಡಿನಿಂದಲೂ ಹೊಗೆ ಬರುತ್ತಿಲ್ಲವೆಂದು ಇಲಾಖೆಗಳು ವರದಿ ಬರೆದವು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸುವರ್ಣಮ್ಮ ಮೂರು ತಿಂಗಳ ಬಾಣಂತನ ಮುಗಿಯುವ ತನಕ ನಿಲ್ಲಲಿಲ್ಲ. ಅತ್ತೆಮನೆಯಲ್ಲಾದರೆ ಹೊಗೆಗೂಡಿನ ಬಚ್ಚಲೊಲೆ ಚೆನ್ನಾಗಿ ಉರಿಯುತ್ತದೆ, ಬಂದು ಕರೆದೊಯ್ಯಿರಿ ಎಂದು ಅಲ್ಲಿಗೆ ಹೇಳಿಕಳಿಸಿದಳು. ಕುಂತೂರಿನಿಂದ ಅವಳ ಅತ್ತೆ ದೊಡ್ಡಬಸಮ್ಮ ಗಾಡಿ ಕಟ್ಟಿಸಿಕೊಂಡು ಬಂದರು. ಕೂಸನ್ನು ಎತ್ತಿಕೊಂಡು, ಎದೆಗೆ ಕಿವಿಯಿಟ್ಟು ಕೇಳಿ, ಮುಖ ಗಂಟಿಕ್ಕಿದರು.

“ಏನಕ್ಕ ಇದು? ನನ್ ಮೊಮ್ಮಗೀಗೆ ಒಂದ್ ತಂಬ್ಗೆ ಬಿಸ್ನೀರ್ ಉಯ್ಯಕೂ ಗತಿ ಇರ್ನಿಲ್ವಾ ಈ ಮನೇಲಿ?”

ನಾವೆಲ್ಲ ಗುರುಬಸಮ್ಮನವರ ಮುಖ ನೋಡಿದೆವು. ಐದು ತಿಂಗಳಿಂದ ನುಂಗಿಕೊಂಡದ್ದನ್ನೆಲ್ಲ ಈಗ ಕಾರುತ್ತಾರೆ ಎಂದುಕೊಂಡೆ. ಬೀಗತಿಯ ಎದುರು ಮಾನ ಹೋಗುತ್ತಿತ್ತು. ಅವರು ಸೆರಗು ಸರಿಮಾಡಿಕೊಂಡು, ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿಬಿಟ್ಟಿದ್ದ ಕಾಗದದ ಕಡೆ ಕೈ ತೋರಿಸಿದರು.

“ಬಚ್ಚಲೊಲೆ ಅಚ್ಕಳದೆಲ್ಲಾ ಇಲ್ದೋರ ಮನೇಲಿ ಕಣಕ್ಕ. ನಮ್ದು ಫಸ್ಟ್ ಪ್ರೈಜ್ ಬಂದಿರ ಒಲೆ. ಎಲ್ಡು ಸರ್ಕಾರದ ಮೊಹ್ರು ಬಿದ್ದದೆ.”

ದೊಡ್ಡಬಸಮ್ಮ ಕಾಗದದ ಹತ್ತಿರ ಹೋದರು. ಕೆಂಪು ಮೊಹರನ್ನೂ ನೀಲಿ ಮೊಹರನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ದನಿ ತಗ್ಗಿಸಿ ಪುಟ್ಟಬಸಪ್ಪನವರನ್ನು ಕೇಳಿದರು:

“ಬೀಗ್ರೇ, ನಮ್ಮನೇಗೂ ಒಂದ್ ಅರ್ಜಿ ಬರ್ಕೊಡೀರಾ?”

ಪುಟ್ಟಬಸಪ್ಪ ಮೂರು ಪ್ರತಿ ಬರೆದುಕೊಟ್ಟರು. ದೊಡ್ಡಬಸಮ್ಮ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಹತ್ತಿದರು. ಒಳಗೆ ಕೂತಿದ್ದ ಸುವರ್ಣಮ್ಮ ಕೂಸಿಗೆ ಇನ್ನೊಂದು ಬಟ್ಟೆ ಸುತ್ತಿದಳು.